ತಂತ್ರಾಂಶದ ಭಾರವೂ ಅಕ್ಷರದ ಬೆಲೆಯೂ

ಒಮ್ಮೆ ಬರೆದ ತಂತ್ರಾಂಶವು ಹಲವು ಬಗೆಯ ಗಣಕಯಂತ್ರಗಳಲ್ಲಿ ನಡೆಯಬೇಕೆಂಬುದು ಗಣಕಶಾಸ್ತ್ರದ ಹಳೆಯ ಹಂಬಲಗಳಲ್ಲೊಂದು. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳು ಒಂದೊಂದೂ ತನ್ನದೇ ಆದ ಪದ್ಧತಿಯನ್ನು ಅನುಸರಿಸುತ್ತವೆ. ಪರದೆಯ ಮೇಲೆ ಒಂದು ಗುಂಡಿಯನ್ನು ಚಿತ್ರಿಸುವ ಬಗೆ, ಕಡತವೊಂದನ್ನು ತೆರೆಯುವ ಬಗೆ, ಕೀಲಿಮಣೆಯಿಂದ ಬಂದ ಅಕ್ಷರವನ್ನು ಸ್ವೀಕರಿಸುವ ಬಗೆ ಒಂದರಲ್ಲಿ ಒಂದು ತೆರನಾದರೆ ಇನ್ನೊಂದರಲ್ಲಿ ಇನ್ನೊಂದು ತೆರ. ಆದಕಾರಣ ಒಂದೇ ಕಾರ್ಯಕ್ಕಾಗಿ ನಾಲ್ಕು ಸಲ ಬರೆಯಬೇಕಾದ ಶ್ರಮ ತಪ್ಪಿದ್ದಲ್ಲ. ಈ ಶ್ರಮವನ್ನು ನಿವಾರಿಸಲೆಂದು ಹುಟ್ಟಿದ್ದೇ ಬಹುವೇದಿಕಾ ತಂತ್ರಾಂಶ ಚೌಕಟ್ಟು. ತಂತ್ರಾಂಶವನ್ನು ರಚಿಸುವವನು ಚೌಕಟ್ಟಿನೊಡನೆ ಮಾತ್ರ ವ್ಯವಹರಿಸುತ್ತಾನೆ. ಚೌಕಟ್ಟು ಅವನ ಪರವಾಗಿ ಒಂದೊಂದು ಯಂತ್ರದೊಡನೆಯೂ ಅದರದರ ಭಾಷೆಯಲ್ಲಿ ವ್ಯವಹರಿಸುತ್ತದೆ.

ಇಂಥ ಚೌಕಟ್ಟುಗಳಲ್ಲಿ ಮೂರು ದಶಕಗಳಿಗೂ ಮಿಗಿಲಾಗಿ ಬಳಕೆಯಲ್ಲಿರುವ ಒಂದರ ಹೆಸರು 'ಕ್ಯೂಟಿ'. ಬರೆಯುವಾಗ ಎರಡು ಬಿಡಿ ಅಕ್ಷರಗಳಾದರೂ ಬಲ್ಲವರು ಅದನ್ನು 'ಕ್ಯೂಟ್' ಎಂದು ಉಚ್ಚರಿಸುತ್ತಾರೆ. ನಾರ್ವೆ ದೇಶದ ಹಾವಾರ್ಡ್ ನಾರ್ಡ್ ಮತ್ತು ಐರಿಕ್ ಚಾಂಬೆ-ಎಂಗ್ ಎಂಬ ಇಬ್ಬರು ತರುಣರು 1990ರಲ್ಲಿ ಶ್ರವಣಾತೀತ ತರಂಗಗಳಿಂದ ತೆಗೆದ ವೈದ್ಯಕೀಯ ಚಿತ್ರಗಳನ್ನು ಸಂಗ್ರಹಿಸಿಡುವ ತಂತ್ರಾಂಶವೊಂದನ್ನು ರಚಿಸುತ್ತಿದ್ದರು. ಅದು ಯುನಿಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲಿಯೂ ನಡೆಯಬೇಕಾಗಿತ್ತು. ಆ ಅಗತ್ಯದಿಂದ ಮೊಳೆತ ಆಲೋಚನೆಯನ್ನು ಅವರು 1991ರಲ್ಲಿ ಬರೆಯತೊಡಗಿದರು. 1994ರಲ್ಲಿ ಸಂಸ್ಥೆಯನ್ನು ಸ್ಥಾಪಿಸಿದರು. 1995ರ ಮೇ ತಿಂಗಳಲ್ಲಿ ಕ್ಯೂಟ್ ಸಾರ್ವಜನಿಕರ ಕೈಸೇರಿತು. ಟ್ರೋಲ್‌ಟೆಕ್ ಎಂದು ಹೆಸರಾದ ಆ ಸಂಸ್ಥೆಯನ್ನು 2008ರಲ್ಲಿ ನೋಕಿಯಾ ಕೊಂಡುಕೊಂಡಿತು. 2012ರಲ್ಲಿ ಫಿನ್ಲೆಂಡಿನ ಡಿಜಿಯಾ ಸಂಸ್ಥೆಯು ಕ್ಯೂಟ್ ಚೌಕಟ್ಟನ್ನು ವಹಿಸಿಕೊಂಡಿತು. 2014ರಲ್ಲಿ ಇದಕ್ಕಾಗಿಯೇ ಕ್ಯೂಟ್ ಕಂಪನಿ ಎಂಬ ಪ್ರತ್ಯೇಕ ಸಂಸ್ಥೆ ರೂಪುಗೊಂಡಿತು.

ಎಲ್ಲರಿಗೂ ಎಲ್ಲವನ್ನೂ ಒದಗಿಸಬೇಕೆಂಬ ಸಂಕಲ್ಪದಿಂದ ಬೆಳೆದ ಇಂಥ ಚೌಕಟ್ಟಿಗೆ ಗುಣದೊಡನೆಯೇ ಅಂಟಿಕೊಂಡು ಬಂದ ದೋಷವೊಂದುಂಟು, ಅದೇ ಭಾರ. ಆ ಭಾರವನ್ನು ಇಳಿಸುವ ಕ್ರಮ ಯಾವುದು, ಇಳಿಸುವಾಗ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ವಿವೇಚನೆ ತಂತ್ರಜ್ಞರಿಗಷ್ಟೇ ಸೀಮಿತವಾದುದಲ್ಲ. ಕನ್ನಡವನ್ನು ಓದಿ ಬರೆಯುವ ಪ್ರತಿಯೊಬ್ಬರಿಗೂ ಅದರಿಂದ ಆಗುವ ಲಾಭ ಹಾನಿಗಳುಂಟೆಂಬುದು ಮುಂದಿನ ವಿವರಣೆಯಿಂದ ಸ್ಪಷ್ಟವಾದೀತು.

ಭಾರ ಬರುವುದೆಲ್ಲಿಂದ?

ತಂತ್ರಾಂಶವನ್ನು ಮನುಷ್ಯನು ತನಗೆ ಅರ್ಥವಾಗುವ ಭಾಷೆಯಲ್ಲಿ ಬರೆಯುತ್ತಾನೆ. ಕ್ಯೂಟ್ ಚೌಕಟ್ಟಿನ ಬಹುಭಾಗ ಸಿ++ ಎಂಬ ಭಾಷೆಯಲ್ಲಿದೆ. ಈ ಬರಹವನ್ನು ಯಂತ್ರಕ್ಕೆ ತಿಳಿಯುವ ಆದೇಶಗಳನ್ನಾಗಿ ಮಾರ್ಪಡಿಸುವ ಸಾಧನವೇ ಕಂಪೈಲರ್. ಹೀಗೆ ಮಾರ್ಪಟ್ಟ ತುಣುಕುಗಳನ್ನು ಒಂದಕ್ಕೊಂದು ಬೆಸೆದು ಪೂರ್ಣರೂಪಕ್ಕೆ ತರುವ ಸಾಧನವೇ ಲಿಂಕರ್. ಕೊನೆಗೆ ದೊರೆಯುವ ಸಿದ್ಧವಸ್ತುವಿಗೆ ಬೈನರಿ ಕಡತವೆಂದು ಹೆಸರು. ಅದರೊಳಗೆ ಯಂತ್ರದ ಆದೇಶಗಳಲ್ಲದೆ ಬದಲಾಗದ ಕೋಷ್ಟಕಗಳು, ಸಂದೇಶವಾಕ್ಯಗಳು, ಚಿತ್ರಗಳು, ದೋಷಪರಿಶೀಲನೆಗೆ ಬೇಕಾದ ಹೆಸರುಪಟ್ಟಿಗಳು ಇತ್ಯಾದಿ ಅಡಕವಾಗಿರುತ್ತವೆ.

ಕ್ಯೂಟ್ ಚೌಕಟ್ಟಿನಲ್ಲಿ ಇರುವ ಸಾಮಗ್ರಿ ಅಪಾರ. ಗುಂಡಿಗಳು, ಪಟ್ಟಿಗಳು, ಮುದ್ರಣ, ಜಾಲಸಂಪರ್ಕ, ದತ್ತಾಂಶಕೋಶ, ಚಲಚ್ಚಿತ್ರ, ನಕ್ಷೆ, ಕೊನೆಗೆ ಅಂತರಜಾಲದ ಪುಟಗಳನ್ನು ತೋರಿಸುವ ಸಂಪೂರ್ಣ ಯಂತ್ರಾಂಗವೂ ಅದರಲ್ಲಿ ಸೇರಿದೆ. ಗಡಿಯಾರವನ್ನಷ್ಟೇ ತೋರಿಸಬೇಕಾದ ಪುಟ್ಟ ತಂತ್ರಾಂಶವು ಇವೆಲ್ಲವನ್ನೂ ಹೊತ್ತು ತಿರುಗುವುದೆಂದರೆ, ಇಬ್ಬರ ಅಡುಗೆಗೆ ಮದುವೆಮನೆಯ ಕೊಪ್ಪರಿಗೆಗಳನ್ನೆಲ್ಲ ತಂದಿಟ್ಟಂತೆಯೇ ಸರಿ. ಐದನೆಯ ಆವೃತ್ತಿಯಲ್ಲಿ ಲಿನಕ್ಸ್ ಯಂತ್ರಗಳಿಗಾಗಿ ಸಿದ್ಧವಾದ ಮೂರು ಮೂಲ ಗ್ರಂಥಾಲಯಗಳು, ಅಂದರೆ ಮೂಲಕಾರ್ಯಗಳದು, ಚಿತ್ರಣದ್ದು, ಪರದೆಯ ಅಂಗಗಳದು, ಒಂದೊಂದೂ ಐದರಿಂದ ಏಳು ಮೆಗಾಬೈಟಿನಷ್ಟಿರುತ್ತವೆ. ಅಂತರಜಾಲದ ಪುಟಗಳನ್ನು ತೋರಿಸುವ ಭಾಗವೊಂದೇ ನೂರು ಮೆಗಾಬೈಟಿನ ಆಸುಪಾಸಿಗೆ ಮುಟ್ಟುತ್ತದೆ. ಏಕೆಂದರೆ ಅದು ಕ್ರೋಮಿಯಂ ಎಂಬ ಜಾಲವೀಕ್ಷಕವನ್ನೇ ಒಡಲಲ್ಲಿರಿಸಿಕೊಂಡಿದೆ.

ಇಂದಿನ ಗಣಕಯಂತ್ರಗಳಿಗೆ ನೂರು ಮೆಗಾಬೈಟ್ ಯಾವ ಲೆಕ್ಕವೆಂದು ಕೇಳಬಹುದು. ಮೇಜಿನ ಮೇಲಿನ ಯಂತ್ರಕ್ಕೆ ಅದು ಲೆಕ್ಕವಲ್ಲ ನಿಜ; ಆದರೆ ಚೌಕಟ್ಟು ನೆಲೆಸುವುದು ಅಲ್ಲಿ ಮಾತ್ರವಲ್ಲ. ವಾಹನದ ಫಲಕ, ಆಸ್ಪತ್ರೆಯ ಉಪಕರಣ, ಕಾರ್ಖಾನೆಯ ನಿಯಂತ್ರಕ ಇವುಗಳಲ್ಲಿಯೂ ಅದು ನೆಲೆಸುತ್ತದೆ. 2002ರಲ್ಲಿ ಶಾರ್ಪ್ ಸಂಸ್ಥೆಯು ಹೊರತಂದ ಜೌರಸ್ ಎಸ್‌ಎಲ್-5500 ಎಂಬ ಅಂಗೈ ಯಂತ್ರದಲ್ಲಿ ಕ್ಯೂಟ್ ಚೌಕಟ್ಟಿನ ಕಿರುರೂಪವೇ ನಡೆಯುತ್ತಿತ್ತು. ಆ ಯಂತ್ರದ ಶಾಶ್ವತ ಸ್ಮೃತಿ 16 ಮೆಗಾಬೈಟ್, ಕೆಲಸದ ಸ್ಮೃತಿ 64 ಮೆಗಾಬೈಟ್ ಮಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಅಲ್ಲಿ ಉಪದೇಶವಾಗಿರಲಿಲ್ಲ, ಅನಿವಾರ್ಯವಾಗಿತ್ತು. ಕೈಫೋನುಗಳ ವಿಷಯದಲ್ಲಿಯೂ ಗಾತ್ರಕ್ಕೆ ಬೆಲೆಯುಂಟು. ಗೂಗಲ್ ಸಂಸ್ಥೆ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ತಂತ್ರಾಂಶದ ಗಾತ್ರ ಪ್ರತಿ 6 ಮೆಗಾಬೈಟ್ ಹೆಚ್ಚಿದಂತೆ ಅದನ್ನು ಸ್ಥಾಪಿಸಿಕೊಳ್ಳುವವರ ಪ್ರಮಾಣ ಶೇಕಡ 1ರಷ್ಟು ಕುಗ್ಗುತ್ತದೆ. ಅಗ್ಗದ ಫೋನು, ಅಳೆದು ಕೊಂಡ ಜಾಲಸೌಲಭ್ಯ ಇರುವವನಿಗೆ ಭಾರವೆಂಬುದು ಬಾಗಿಲಲ್ಲಿಯೇ ತಡೆಯುವ ಹೊಸ್ತಿಲಾಗುತ್ತದೆ.

ಮೊದಲು ತೂಕ, ಅನಂತರ ಕತ್ತರಿ

ಭಾರವಿಳಿಸಲು ಹೊರಟವನು ಮೊದಲು ಕೈಗೆತ್ತಿಕೊಳ್ಳಬೇಕಾದುದು ತಕ್ಕಡಿಯನ್ನೇ ಹೊರತು ಕತ್ತರಿಯನ್ನಲ್ಲ. ಬೈನರಿ ಕಡತದ ಯಾವ ವಿಭಾಗ ಎಷ್ಟು ಸ್ಥಳವನ್ನು ಆಕ್ರಮಿಸಿದೆ, ಆದೇಶಗಳೆಷ್ಟು, ಕೋಷ್ಟಕಗಳೆಷ್ಟು, ಹೆಸರುಪಟ್ಟಿಗಳೆಷ್ಟು ಎಂಬುದನ್ನು ವಿಂಗಡಿಸಿ ತೋರಿಸುವ ಸಾಧನಗಳುಂಟು. ಅವುಗಳ ನೆರವಿನಿಂದ ದೊಡ್ಡ ಮೊತ್ತಗಳನ್ನು ಮೊದಲು ಗುರುತಿಸಬೇಕು. ಊಹೆಯಿಂದ ಹೊರಟವನು ಹಲವು ದಿನ ದುಡಿದು ಕೆಲವು ಕಿಲೋಬೈಟುಗಳನ್ನು ಉಳಿಸಿ, ಪಕ್ಕದಲ್ಲಿಯೇ ಬಿದ್ದಿರುವ ಮೂವತ್ತು ಮೆಗಾಬೈಟನ್ನು ಕಾಣದೆ ಹೋಗುವುದುಂಟು.

ತೂಕ ಮಾಡಿದ ಅನಂತರ ಒಂದೊಂದೇ ಬದಲಾವಣೆಯನ್ನು ಮಾಡಿ ಮತ್ತೆ ತೂಗಬೇಕು. ನಾಲ್ಕು ಬದಲಾವಣೆಗಳನ್ನು ಒಮ್ಮೆಗೇ ಮಾಡಿದರೆ ಯಾವುದರಿಂದ ಲಾಭವಾಯಿತು, ಯಾವುದರಿಂದ ಹಾನಿಯಾಯಿತು ಎಂದು ತಿಳಿಯುವ ಬಗೆಯಿಲ್ಲ. ಶಾಲೆಯ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗೆ ಬೋಧಿಸುವ ನಿಯಮವೇ ಇಲ್ಲಿಯೂ ಪ್ರಮಾಣ.

ಇಡೀ ಭಾಗವನ್ನೇ ಬಿಡುವುದು

ಅತ್ಯಂತ ಸುಲಭವೂ ಹೆಚ್ಚು ಫಲಕಾರಿಯೂ ಆದ ಉಪಾಯವೆಂದರೆ ಬೇಡದ ಭಾಗಗಳನ್ನು ಕಟ್ಟದೆಯೇ ಇರುವುದು. ಕ್ಯೂಟ್ ಚೌಕಟ್ಟಿನ ಮೂರನೆಯ ಆವೃತ್ತಿಯವರೆಗೆ ಬಹುಮಟ್ಟಿಗೆ ಎಲ್ಲವೂ ಒಂದೇ ದೊಡ್ಡ ಗ್ರಂಥಾಲಯದಲ್ಲಿ ಅಡಕವಾಗಿತ್ತು. 2005ರ ಜೂನ್ ತಿಂಗಳಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಅದನ್ನು ಮೂಲಕಾರ್ಯ, ಚಿತ್ರಣ, ಜಾಲಸಂಪರ್ಕ, ದತ್ತಾಂಶಕೋಶ ಮುಂತಾಗಿ ಪ್ರತ್ಯೇಕ ಭಾಗಗಳಾಗಿ ವಿಂಗಡಿಸಲಾಯಿತು. 2012ರ ಡಿಸೆಂಬರಿನಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಗುಂಡಿ ಪಟ್ಟಿಗಳೇ ಮೊದಲಾದ ಪರದೆಯ ಅಂಗಗಳನ್ನು ಚಿತ್ರಣದ ಭಾಗದಿಂದಲೂ ಬೇರ್ಪಡಿಸಲಾಯಿತು. ಈ ವಿಂಗಡಣೆಯಿಂದಾಗಿ ಪರದೆಯೇ ಇಲ್ಲದ ಉಪಕರಣವು ಮೂಲಕಾರ್ಯದ ಭಾಗವೊಂದನ್ನೇ ಇರಿಸಿಕೊಂಡು ನಡೆಯಬಲ್ಲುದು.

ಇದಕ್ಕಿಂತ ಸೂಕ್ಷ್ಮವಾದ ಉಪಾಯವೂ ಇದೆ. ಒಂದೇ ಭಾಗದೊಳಗಿನ ಬಿಡಿ ಸೌಲಭ್ಯಗಳನ್ನು, ಉದಾಹರಣೆಗೆ ಮುದ್ರಣದ ಸಂವಾದ ಪೆಟ್ಟಿಗೆ ಅಥವಾ ತಿಂಗಳ ಪಂಚಾಂಗವನ್ನು ತೋರಿಸುವ ಅಂಗವನ್ನು, ಕಟ್ಟುವ ಮೊದಲೇ ಬೇಡವೆಂದು ಸೂಚಿಸಬಹುದು. ಕಿರುಯಂತ್ರಗಳಿಗಾಗಿ ಈ ವ್ಯವಸ್ಥೆ ಮೊದಲಿನಿಂದಲೂ ಇತ್ತು. 2017ರ ಜನವರಿಯಲ್ಲಿ ಹೊರಬಂದ 5.8ನೆಯ ಆವೃತ್ತಿಯಲ್ಲಿ 'ಕ್ಯೂಟ್ ಲೈಟ್' ಎಂಬ ಯೋಜನೆಯ ಫಲವಾಗಿ ಅದನ್ನು ಹೊಸದಾಗಿ ವ್ಯವಸ್ಥೆಗೊಳಿಸಿ ಎಲ್ಲ ಭಾಗಗಳಿಗೂ ವಿಸ್ತರಿಸಲಾಯಿತು. ಸೌಲಭ್ಯಗಳು ಒಂದನ್ನೊಂದು ಅವಲಂಬಿಸಿರುತ್ತವೆಂಬುದನ್ನು ಇಲ್ಲಿ ಮರೆಯಲಾಗದು. ಮುದ್ರಣಯಂತ್ರದ ಸೌಲಭ್ಯವನ್ನು ಬಿಟ್ಟರೆ ಮುದ್ರಣದ ಸಂವಾದ ಪೆಟ್ಟಿಗೆಯೂ ಮುನ್ನೋಟವೂ ತಾವಾಗಿಯೇ ಬಿದ್ದುಹೋಗುತ್ತವೆ. ಅಲ್ಲದೆ ಹೀಗೆ ಕತ್ತರಿಸಿದ ಚೌಕಟ್ಟು ಸಾಮಾನ್ಯ ಚೌಕಟ್ಟಿನೊಡನೆ ಹೊಂದುವುದಿಲ್ಲ; ಪೂರ್ಣ ಚೌಕಟ್ಟನ್ನು ನಂಬಿ ಸಿದ್ಧವಾದ ಬೇರೆ ತಂತ್ರಾಂಶಗಳು ಅದರ ಮೇಲೆ ನಡೆಯುವವೆಂಬ ಭರವಸೆಯಿಲ್ಲ. ಆದ್ದರಿಂದ ಈ ಉಪಾಯವು ತನ್ನ ಪಾಡಿಗೆ ತಾನಿರುವ ಉಪಕರಣಕ್ಕೆ ಯೋಗ್ಯ, ಹಲವರು ಹಂಚಿಕೊಳ್ಳುವ ವ್ಯವಸ್ಥೆಗೆ ಅಯೋಗ್ಯ.

ಕಂಪೈಲರ್ ಮತ್ತು ಲಿಂಕರ್ ಮಾಡುವ ಸಹಾಯ

ಬೇಡವಾದುದನ್ನು ಬಿಟ್ಟ ಮೇಲೆ ಉಳಿದುದನ್ನು ಒತ್ತಾಗಿ ಕಟ್ಟುವ ಪ್ರಶ್ನೆ ಬರುತ್ತದೆ. ಕಂಪೈಲರ್ ಸಾಮಾನ್ಯವಾಗಿ ವೇಗಕ್ಕೆ ಪ್ರಾಶಸ್ತ್ಯ ಕೊಡುತ್ತದೆ. ಚಿಕ್ಕ ಕಾರ್ಯವೊಂದನ್ನು ಹತ್ತು ಕಡೆ ಕರೆಯಬೇಕಾದಾಗ, ಕರೆಯುವ ಶ್ರಮವನ್ನು ಉಳಿಸಲು ಅದರ ಪ್ರತಿಯನ್ನೇ ಹತ್ತು ಕಡೆ ಬರೆದಿಡುತ್ತದೆ. ವೇಗ ಹೆಚ್ಚುತ್ತದೆ, ಗಾತ್ರವೂ ಹೆಚ್ಚುತ್ತದೆ. ಗಾತ್ರಕ್ಕೇ ಪ್ರಾಶಸ್ತ್ಯ ಕೊಡಬೇಕೆಂದು ಸೂಚಿಸಿದರೆ ಇಂಥ ವಿಸ್ತಾರಗಳನ್ನು ಕಂಪೈಲರ್ ಕೈಬಿಡುತ್ತದೆ. ಪ್ರತಿಫಲವಾಗಿ ಕೆಲಸ ಸ್ವಲ್ಪ ನಿಧಾನವಾದೀತು. ಗಡಿಯಾರದ ಫಲಕಕ್ಕೆ ಅದು ಬಾಧಕವಲ್ಲ. ಚಲಚ್ಚಿತ್ರ ತೋರಿಸುವ ತಂತ್ರಾಂಶಕ್ಕೆ ಬಾಧಕವಾದೀತು.

ಲಿಂಕರ್ ಮಾಡುವ ಸಹಾಯ ಇದಕ್ಕಿಂತ ಮಿಗಿಲಾದುದು. ಗ್ರಂಥಾಲಯಗಳನ್ನು ಬೇರೆ ಕಡತಗಳಾಗಿ ಇರಿಸಿ ನಡೆಯುವಾಗ ಮಾತ್ರ ಜೋಡಿಸಿಕೊಳ್ಳುವುದು ಒಂದು ಪದ್ಧತಿ. ಆರಂಭದಲ್ಲಿಯೇ ತಂತ್ರಾಂಶದ ಒಡಲಿನೊಳಗೆ ಬೆಸೆದುಬಿಡುವುದು ಇನ್ನೊಂದು ಪದ್ಧತಿ. ಮೊದಲನೆಯದರಲ್ಲಿ ಯಾರು ಯಾವುದನ್ನು ಕೇಳಿಯಾರೆಂದು ತಿಳಿಯದ ಕಾರಣ ಗ್ರಂಥಾಲಯ ಪೂರ್ಣವಾಗಿಯೇ ಇರಬೇಕಾಗುತ್ತದೆ. ಎರಡನೆಯದರಲ್ಲಿ ಯಾವ ಕಾರ್ಯವನ್ನು ಯಾರೂ ಕರೆಯುವುದಿಲ್ಲವೋ ಅದನ್ನು ಲಿಂಕರ್ ಗುರುತಿಸಿ ತ್ಯಜಿಸಬಲ್ಲುದು. ಅದಕ್ಕಾಗಿ ಕಂಪೈಲರ್ ಮೊದಲೇ ಪ್ರತಿಯೊಂದು ಕಾರ್ಯವನ್ನೂ ಪ್ರತ್ಯೇಕ ಪೊಟ್ಟಣದಲ್ಲಿ ಕಟ್ಟಿಟ್ಟಿರಬೇಕು. ಎಲ್ಲ ತುಣುಕುಗಳನ್ನೂ ಒಟ್ಟಿಗೆ ಎದುರಿಗಿಟ್ಟುಕೊಂಡು ಕೊನೆಯ ಹಂತದಲ್ಲಿ ಇನ್ನೊಮ್ಮೆ ಪರಿಷ್ಕರಿಸುವ ವಿಧಾನವೂ ಉಂಟು. ಅದಕ್ಕೆ ಸಮಯವೂ ಸ್ಮೃತಿಯೂ ಹೆಚ್ಚು ಬೇಕು, ಆದರೆ ಫಲ ಸಾಮಾನ್ಯವಾಗಿ ಸಾರ್ಥಕ.

ಈ ಉಪಾಯಗಳಿಗೆ ಮಿತಿಗಳೂ ಇವೆ. ಕ್ಯೂಟ್ ಚೌಕಟ್ಟಿನಲ್ಲಿ ಎಷ್ಟೋ ಕಾರ್ಯಗಳನ್ನು ನೇರವಾಗಿ ಕರೆಯದೆ, ನಡೆಯುವ ವೇಳೆಯಲ್ಲಿ ಹೆಸರಿನಿಂದ ಹುಡುಕಿ ಕರೆಯುವ ವ್ಯವಸ್ಥೆಯಿದೆ. ಪರದೆಯ ವಿನ್ಯಾಸವನ್ನು ಕ್ಯೂಎಂಎಲ್ ಎಂಬ ಬೇರೊಂದು ಭಾಷೆಯಲ್ಲಿ ಬರೆದಾಗಲಂತೂ ಇದು ನಿತ್ಯದ ಮಾತು. ಮುಂದೆ ಯಾವ ಹೆಸರನ್ನು ಕೇಳಿಯಾರೆಂದು ಲಿಂಕರ್‌ಗೆ ಮೊದಲೇ ತಿಳಿಯುವುದಿಲ್ಲವಾದ್ದರಿಂದ ಅದು ಸಂಶಯವಿದ್ದಲ್ಲೆಲ್ಲ ಉಳಿಸಿಕೊಳ್ಳುವ ದಾರಿಯನ್ನೇ ಹಿಡಿಯುತ್ತದೆ. ಇನ್ನೊಂದು ಮಿತಿ ಕಾನೂನಿನದು. ಕ್ಯೂಟ್ ಚೌಕಟ್ಟು 2009ರಿಂದ ಎಲ್‌ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿಯೂ ದೊರೆಯುತ್ತದೆ. ಆ ಪರವಾನಗಿಯಂತೆ, ಚೌಕಟ್ಟನ್ನು ಒಡಲೊಳಗೆ ಬೆಸೆದು ಹಂಚುವವನು, ಪಡೆದವರು ಚೌಕಟ್ಟನ್ನು ಮಾರ್ಪಡಿಸಿ ಪುನಃ ಬೆಸೆದುಕೊಳ್ಳಲು ಬೇಕಾದ ಸಾಮಗ್ರಿಯನ್ನೂ ಒದಗಿಸಬೇಕಾಗುತ್ತದೆ. ಗಾತ್ರವನ್ನು ಉಳಿಸುವ ಭರದಲ್ಲಿ ಈ ಹೊಣೆಯನ್ನು ಮರೆಯುವುದು ನ್ಯಾಯವಲ್ಲ.

ತೊಡೆದುಹಾಕುವುದು, ಅದುಮಿಡುವುದು

ಸಿದ್ಧವಾದ ಕಡತದಲ್ಲಿ ಕಾರ್ಯಗಳ ಹೆಸರುಗಳೂ, ದೋಷ ಹುಡುಕುವಾಗ ಬೇಕಾಗುವ ಟಿಪ್ಪಣಿಗಳೂ ಉಳಿದಿರುತ್ತವೆ. ಕೆಲವೊಮ್ಮೆ ಇವುಗಳ ಗಾತ್ರ ಆದೇಶಗಳ ಗಾತ್ರವನ್ನೂ ಮೀರುವುದುಂಟು. ಬಳಕೆದಾರನಿಗೆ ಅವು ಬೇಡವಾದ್ದರಿಂದ ತೊಡೆದುಹಾಕಬಹುದು. ಆದರೆ ತಯಾರಿಸಿದವನು ಅವುಗಳ ಪ್ರತಿಯನ್ನು ತನ್ನಲ್ಲಿ ಜೋಪಾನವಾಗಿ ಇರಿಸಿಕೊಳ್ಳಬೇಕು. ಇಲ್ಲವಾದರೆ ಮುಂದೊಂದು ದಿನ ದೂರದ ಊರಿನಲ್ಲಿ ತಂತ್ರಾಂಶ ಕುಸಿದಾಗ ಕಾರಣವನ್ನು ಪತ್ತೆ ಹಚ್ಚುವುದು ಬಹಳ ಕಷ್ಟ.

ಇಡೀ ಕಡತವನ್ನೇ ಅದುಮಿ ಚಿಕ್ಕದಾಗಿಸುವ ಯುಪಿಎಕ್ಸ್‌ನಂಥ ಸಾಧನಗಳೂ ಇವೆ. ಶಾಶ್ವತ ಸ್ಮೃತಿಯಲ್ಲಿ ಸ್ಥಳ ಉಳಿಯುವುದು ದಿಟ. ಆದರೆ ನಡೆಯುವ ಮೊದಲು ಕಡತವು ಕೆಲಸದ ಸ್ಮೃತಿಯಲ್ಲಿ ಬಿಚ್ಚಿಕೊಳ್ಳಲೇಬೇಕು. ಆಗ ಅದರ ಭಾರ ಮೊದಲಿನಷ್ಟೇ. ಹತ್ತಿಯ ಮೂಟೆಯನ್ನು ಒತ್ತಿ ಕಟ್ಟಿದರೆ ಗಾಡಿಯಲ್ಲಿ ಸ್ಥಳ ಮಿಗುತ್ತದೆ, ಬಿಚ್ಚಿದ ಮೇಲೆ ಹತ್ತಿ ಅಷ್ಟೇ ಇರುತ್ತದೆ. ಜೊತೆಗೆ ಪ್ರಾರಂಭ ನಿಧಾನವಾಗುತ್ತದೆ. ಕೆಲವು ವೈರಾಣುನಿರೋಧಕ ತಂತ್ರಾಂಶಗಳು ಇಂಥ ಕಡತವನ್ನು ಸಂಶಯದಿಂದ ನೋಡುವುದೂ ಉಂಟು. ಆದಕಾರಣ ಅದುಮುವುದನ್ನು ಕೊನೆಯ ಉಪಾಯವೆಂದೇ ಎಣಿಸಬೇಕು.

ಮೂವತ್ತು ಮೆಗಾಬೈಟಿನದು ಮತ್ತು ಒಂದು ಮೆಗಾಬೈಟಿನದು

ಇಲ್ಲಿಯವರೆಗಿನ ಉಪಾಯಗಳಲ್ಲಿ ಭಾಷೆಯ ಪ್ರಶ್ನೆ ಬರಲಿಲ್ಲ. ಇನ್ನು ಮುಂದಿನ ಹೆಜ್ಜೆಯಲ್ಲಿ ಅದು ಬಂದೇ ತೀರುತ್ತದೆ. ತೂಗಿ ನೋಡಿದಾಗ ಕಣ್ಣಿಗೆ ಬೀಳುವ ಹೊರಗಿನ ಆಸರೆಗಳಲ್ಲಿ ಎರಡು ಅಕ್ಷರ ಭಾಷೆಗಳಿಗೆ ಸಂಬಂಧಿಸಿದವು. ಒಂದರ ಹೆಸರು ಐಸಿಯು, ಇನ್ನೊಂದರ ಹೆಸರು ಹಾರ್ಫ್‌ಬಜ್. ಇವೆರಡೂ ಒಂದೇ ಬಗೆಯವೆಂದು ತಿಳಿದು ಒಂದೇ ಏಟಿಗೆ ಕತ್ತರಿಸುವ ಅಪಾಯ ಇರುವುದರಿಂದ ಅವುಗಳ ವ್ಯತ್ಯಾಸವನ್ನು ಸ್ಪಷ್ಟವಾಗಿ ತಿಳಿಯಬೇಕು.

ಐಸಿಯು ಎಂಬುದು ಜಗತ್ತಿನ ಭಾಷೆಗಳ ವ್ಯವಹಾರನಿಯಮಗಳ ಬೃಹತ್ ಭಂಡಾರ. ಯಾವ ಭಾಷೆಯಲ್ಲಿ ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು, ದಿನಾಂಕವನ್ನು ಹೇಗೆ ಬರೆಯಬೇಕು, ಹಳೆಯ ಸಂಕೇತಪದ್ಧತಿಗಳನ್ನು ಹೊಸದಕ್ಕೆ ಹೇಗೆ ಪರಿವರ್ತಿಸಬೇಕು ಎಂಬ ಕೋಷ್ಟಕಗಳು ಅದರಲ್ಲಿವೆ. ಅದರ ದತ್ತಾಂಶದ ಕಡತವೊಂದೇ ಆವೃತ್ತಿಗನುಸಾರವಾಗಿ 25ರಿಂದ 30 ಮೆಗಾಬೈಟಿನ ಆಸುಪಾಸಿನಲ್ಲಿರುತ್ತದೆ. ಕ್ಯೂಟ್ ಚೌಕಟ್ಟನ್ನು ಐಸಿಯು ಇಲ್ಲದೆಯೂ ಕಟ್ಟಬಹುದು. ದಿನಾಂಕ, ಅಂಕಿ, ತಿಂಗಳ ಹೆಸರು ಮುಂತಾದವುಗಳ ಸಂಕ್ಷಿಪ್ತ ಕೋಷ್ಟಕ ಚೌಕಟ್ಟಿನೊಳಗೇ ಇರುವುದರಿಂದ ಆ ಕಾರ್ಯಗಳು ನಿಲ್ಲುವುದಿಲ್ಲ. ಅಕಾರಾದಿ ಜೋಡಣೆಯಂಥ ಕಾರ್ಯಗಳು ಯಂತ್ರದ ಸ್ವಂತ ವ್ಯವಸ್ಥೆಯನ್ನು ಆಶ್ರಯಿಸಬೇಕಾಗುತ್ತದೆ. ನಿಘಂಟನ್ನೋ ಮತದಾರರ ಪಟ್ಟಿಯನ್ನೋ ನಿರ್ವಹಿಸುವ ತಂತ್ರಾಂಶಕ್ಕೆ ಇದು ಕೊರತೆಯಾದೀತು; ಉಷ್ಣತೆಯನ್ನು ತೋರಿಸುವ ಫಲಕಕ್ಕೆ ಕೊರತೆಯಾಗದು. ಭಾಷೆಗಳನ್ನು ಆಯ್ದು ಐಸಿಯು ಭಂಡಾರವನ್ನೇ ಚಿಕ್ಕದಾಗಿ ಕಟ್ಟಿಕೊಳ್ಳುವ ಮಧ್ಯಮಮಾರ್ಗವೂ ಉಂಟು.

ಹಾರ್ಫ್‌ಬಜ್ ಮಾಡುವ ಕೆಲಸ ಬೇರೆಯೇ. ಪರ್ಷಿಯನ್ ಭಾಷೆಯ ಎರಡು ಪದಗಳಿಂದಾದ ಈ ಹೆಸರು 'ಓಪನ್‌ಟೈಪ್' ಎಂಬ ಅಕ್ಷರಶೈಲಿಗಳ ವಿನ್ಯಾಸಕ್ರಮದ ಹೆಸರನ್ನೇ ಅನುವಾದಿಸಿದ ರೂಪ. ಫ್ರೀಟೈಪ್ ಎಂಬ ಯೋಜನೆಯಲ್ಲಿ ಹುಟ್ಟಿ, ಕ್ಯೂಟ್ ಮತ್ತು ಪ್ಯಾಂಗೊ ಎಂಬ ಎರಡು ಕಡೆ ಬೇರೆಬೇರೆಯಾಗಿ ಬೆಳೆದು, ಅನಂತರ ಒಂದುಗೂಡಿದ ಈ ತಂತ್ರಾಂಶವನ್ನು ಬೆಹ್ದಾದ್ ಇಸ್ಫಹಬೋದ್ ಎಂಬವರು ಪುನಃ ಬರೆದು ಇಂದಿನ ರೂಪಕ್ಕೆ ತಂದರು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲವೂ ಇದನ್ನೇ ಆಶ್ರಯಿಸಿವೆ. ಇದರ ಗಾತ್ರ ಸುಮಾರು ಒಂದು ಮೆಗಾಬೈಟ್ ಅಷ್ಟೆ. ಆದರೆ ಕನ್ನಡಕ್ಕೆ ಇದರ ಬೆಲೆ ಎಷ್ಟೆಂಬುದನ್ನು ತಿಳಿಯಲು ಕನ್ನಡದ ಬರಹ ಯಂತ್ರದೊಳಗೆ ಹೇಗಿರುತ್ತದೆಂಬುದನ್ನು ನೋಡಬೇಕು.

1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತಪದ್ಧತಿಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದವು. ಸ್ವರಗಳು, ವ್ಯಂಜನಗಳು, ಸ್ವರಚಿಹ್ನೆಗಳು, ಅಂಕಿಗಳು ಇವುಗಳಿಗೆ ಅಲ್ಲಿ ಸಂಕೇತಗಳುಂಟು; ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತವಿಲ್ಲ. 'ಕ್ಷ' ಎಂಬುದು ಯಂತ್ರದ ಪಾಲಿಗೆ ಕಕಾರ, ಹಲಂತಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳ ಸಾಲು. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿವೆ: ಸಕಾರ, ಹಲಂತ, ತಕಾರ, ಹಲಂತ, ರಕಾರ, ದೀರ್ಘ ಈಕಾರದ ಚಿಹ್ನೆ. 'ಅರ್ಕ' ಎಂಬ ಪದದಲ್ಲಿ ರಕಾರವು ಉಚ್ಚಾರಣೆಯಲ್ಲಿಯೂ ಸಂಕೇತಗಳ ಸಾಲಿನಲ್ಲಿಯೂ ಕಕಾರಕ್ಕಿಂತ ಮೊದಲು ಬರುತ್ತದೆ. ಬರಹದಲ್ಲಿ ಅದೇ ರಕಾರ ಅರ್ಕಾವೊತ್ತಾಗಿ ಕಕಾರದ ಬಲಕ್ಕೆ ನಿಲ್ಲುತ್ತದೆ. ಈ ಸಾಲನ್ನು ಓದಿ, ಯಾವುದನ್ನು ಯಾವುದರ ಕೆಳಗೆ ಇಡಬೇಕು, ಯಾವುದನ್ನು ಸ್ಥಳಾಂತರಿಸಬೇಕು, ಯಾವುದಕ್ಕೆ ಯಾವ ಆಕೃತಿಯನ್ನು ಆರಿಸಬೇಕು ಎಂದು ತೀರ್ಮಾನಿಸುವವನೊಬ್ಬ ಬೇಕು. ಹಿಂದೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಈ ಕೆಲಸವನ್ನು ಮಾಡುತ್ತಿದ್ದ. ಯಂತ್ರದೊಳಗೆ ಆ ಮೊಳೆಜೋಡಣೆಗಾರನ ಕೆಲಸವನ್ನು ಮಾಡುವುದೇ ಹಾರ್ಫ್‌ಬಜ್.

ಇಂಗ್ಲಿಷ್ ಬರಹಕ್ಕೆ ಇಂಥ ಜೋಡಣೆಗಾರನ ಅಗತ್ಯ ಅಲಂಕಾರಕ್ಕಷ್ಟೆ. ಅಕ್ಷರದ ಪಕ್ಕದಲ್ಲಿ ಅಕ್ಷರವಿಟ್ಟರೆ ಓದಲು ಸಾಕು. ಆರನೆಯ ಆವೃತ್ತಿಯ ಕ್ಯೂಟ್ ಚೌಕಟ್ಟನ್ನು ಲಿನಕ್ಸ್ ಆಧಾರಿತ ಉಪಕರಣವೊಂದಕ್ಕಾಗಿ ಹಾರ್ಫ್‌ಬಜ್ ಇಲ್ಲದೆ ಕಟ್ಟಿದರೆ ಇಂಗ್ಲಿಷ್ ಪರದೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದು. ಎಲ್ಲ ಪರೀಕ್ಷೆಗಳೂ ತೇರ್ಗಡೆಯಾದಾವು, ಒಂದು ಮೆಗಾಬೈಟ್ ಉಳಿಯಿತೆಂಬ ಸಂತೋಷವೂ ಆದೀತು. ಅದೇ ಉಪಕರಣದಲ್ಲಿ ಕನ್ನಡವನ್ನು ತೋರಿಸಿದಾಗ ಒಂದೊಂದು ಸಂಕೇತಕ್ಕೂ ಒಂದೊಂದು ಬಿಡಿ ಆಕೃತಿ ಬಂದು ನಿಲ್ಲುತ್ತದೆ. ಒತ್ತುಗಳು ಕೆಳಗಿಳಿಯುವುದಿಲ್ಲ, ಹಲಂತದ ಚಿಹ್ನೆ ಬೇರೆಯಾಗಿಯೇ ಉಳಿಯುತ್ತದೆ, ಗುಣಿತಾಕ್ಷರಗಳು ಕೂಡಿಕೊಳ್ಳುವುದಿಲ್ಲ. ಅದನ್ನು ಓದಬೇಕಾದವನು ಮಾತ್ರೆಯ ಪ್ರಮಾಣವನ್ನು ತಿಳಿಯಬೇಕಾದ ರೋಗಿಯಾಗಿರಬಹುದು, ಬಸ್ಸಿನ ಊರನ್ನು ತಿಳಿಯಬೇಕಾದ ಪ್ರಯಾಣಿಕನಾಗಿರಬಹುದು, ಪಾಠ ಓದಬೇಕಾದ ಮಗುವಾಗಿರಬಹುದು. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಸಿಗಲಾರದು. ಮೂವತ್ತು ಮೆಗಾಬೈಟಿನದನ್ನು ಬಿಟ್ಟಾಗ ಅಕ್ಷರಕ್ಕೆ ಕುಂದಿಲ್ಲ. ಒಂದು ಮೆಗಾಬೈಟಿನದನ್ನು ಬಿಟ್ಟಾಗ ಅಕ್ಷರವೇ ಇಲ್ಲ. ತೂಕವೇ ಬೆಲೆಯಲ್ಲವೆಂಬ ಮಾತು ಇಲ್ಲಿ ಅಂಕಿಗಳಿಂದಲೇ ಸಿದ್ಧವಾಗುತ್ತದೆ.

ಕ್ಯೂಟ್ ಚೌಕಟ್ಟನ್ನು ರಚಿಸಿದವರು ಈ ಭೇದವನ್ನು ಅರಿಯದವರಲ್ಲ. ವೇಗಕ್ಕಾಗಿ ಅಕ್ಷರಜೋಡಣೆಯನ್ನು ಕೈಬಿಡುವಂತೆ ಸೂಚಿಸುವ ಒಂದು ಆಯ್ಕೆ ಅವರ ಅಕ್ಷರಶೈಲಿಯ ವ್ಯವಸ್ಥೆಯಲ್ಲಿದೆ. ಲ್ಯಾಟಿನ್ ಲಿಪಿಯಲ್ಲಿ ಜೋಡಣೆ ಅಲಂಕಾರವೆಂದೂ, ಬ್ರಾಹ್ಮೀ ಮೂಲದ ಲಿಪಿಗಳಲ್ಲಿ ಓದಲಿಕ್ಕೇ ಅದು ಅವಶ್ಯವೆಂದೂ ಆ ಆಯ್ಕೆಯ ವಿವರಣೆಯಲ್ಲಿಯೇ ಹೇಳಿದೆ. ಅವಶ್ಯವಿರುವ ಲಿಪಿಗಳಿಗೆ ಆ ಸೂಚನೆ ಅನ್ವಯಿಸದಂತೆಯೂ ನೋಡಿಕೊಂಡಿದ್ದಾರೆ. ಆದರೆ ಹಾರ್ಫ್‌ಬಜ್ ಎಂಬುದನ್ನೇ ಬಿಟ್ಟು ಕಟ್ಟುವವನನ್ನು ತಡೆಯುವ ಕೈ ಅಲ್ಲಿಲ್ಲ. ಅವನ ವಿವೇಕವೇ ಅವನಿಗೆ ಕಾವಲು.

ಅಕ್ಷರಶೈಲಿಯಲ್ಲಿ ಅಡಗಿರುವ ಅಪಾಯ

ಜೋಡಣೆಗಾರನನ್ನು ಉಳಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅವನ ಕೈಯಲ್ಲಿ ಮೊಳೆಗಳೂ ಇರಬೇಕು. ಉಪಕರಣದೊಡನೆ ಕಳುಹಿಸುವ ಅಕ್ಷರಶೈಲಿಯ ಕಡತವೂ ಗಾತ್ರದ ಲೆಕ್ಕಕ್ಕೆ ಸೇರುವುದರಿಂದ, ಬೇಕಾದ ಅಕ್ಷರಗಳನ್ನಷ್ಟೇ ಉಳಿಸಿ ಮಿಕ್ಕವನ್ನು ತೆಗೆಯುವ ರೂಢಿಯಿದೆ. ಇಂಗ್ಲಿಷಿಗೆ ಇದು ಸರಳ. ಕನ್ನಡದ ಅಕ್ಷರಶೈಲಿಯಲ್ಲಿ ಒತ್ತುಗಳ ಆಕೃತಿಗಳಿಗೆ ಸ್ವಂತ ಸಂಕೇತಗಳಿಲ್ಲ. ಅವು ಅಕ್ಷರಶೈಲಿಯೊಳಗಿನ ಪರ್ಯಾಯ ಕೋಷ್ಟಕದ ಮೂಲಕ ಮಾತ್ರ ದೊರೆಯುತ್ತವೆ. ಸಂಕೇತವಿರುವ ಆಕೃತಿಗಳನ್ನಷ್ಟೇ ಎಣಿಸಿ ಉಳಿಸಿಕೊಂಡರೆ, ಅಥವಾ ಆ ಕೋಷ್ಟಕವನ್ನೇ ಅನಗತ್ಯವೆಂದು ತೆಗೆದರೆ, ಒತ್ತಕ್ಷರಗಳೆಲ್ಲ ಮಾಯವಾಗುತ್ತವೆ. ಉತ್ತಮ ಸಾಧನಗಳು ಕೋಷ್ಟಕದ ಜಾಡನ್ನು ಹಿಡಿದು ಅದರಿಂದ ತಲುಪುವ ಆಕೃತಿಗಳನ್ನೆಲ್ಲ ಉಳಿಸುತ್ತವೆ. ಅಂಥ ಸಾಧನವನ್ನು ಆರಿಸಿಕೊಳ್ಳುವುದು ಕಟ್ಟುವವನ ಹೊಣೆ.

ಅನುಸರಿಸಬೇಕಾದ ಕ್ರಮ

ಮೇಲಿನ ವಿವೇಚನೆಯಿಂದ ಕೆಲವು ನಿಯಮಗಳು ಹೊರಪಡುತ್ತವೆ. ಮೊದಲನೆಯದು, ತೂಗದೆ ಕತ್ತರಿಸಬಾರದು. ಎರಡನೆಯದು, ದೊಡ್ಡದರಿಂದ ಚಿಕ್ಕದರ ಕಡೆಗೆ ಸಾಗಬೇಕು: ಇಡೀ ಭಾಗಗಳು, ಅನಂತರ ಬಿಡಿ ಸೌಲಭ್ಯಗಳು, ಅನಂತರ ಕಂಪೈಲರ್ ಮತ್ತು ಲಿಂಕರ್‌ಗಳ ಸೂಚನೆಗಳು, ತರುವಾಯ ಹೆಸರುಪಟ್ಟಿಗಳ ನಿವಾರಣೆ, ಎಲ್ಲಕ್ಕೂ ಕೊನೆಯಲ್ಲಿ ಅದುಮುವಿಕೆ. ಮೂರನೆಯದು, ಬಿಟ್ಟುದೇನೆಂಬುದನ್ನೂ ಏಕೆ ಬಿಟ್ಟೆವೆಂಬುದನ್ನೂ ಬರೆದಿಡಬೇಕು. ಮುಂದೆ ಬರುವವನು ಕಾರಣವರಿಯದೆ ತಡವರಿಸಬಾರದು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. 'ಬಳಕೆಯಿಲ್ಲ' ಎಂಬ ತೀರ್ಪನ್ನು ಕೊಡುವ ಮೊದಲು ಯಾರ ಬಳಕೆಯಲ್ಲಿಲ್ಲ ಎಂದು ಕೇಳಬೇಕು. ಕತ್ತರಿಸುವವನ ಮೇಜಿನ ಮೇಲೆ ಬಳಕೆಯಿಲ್ಲದ್ದು ಓದುವವನ ಕೈಯಲ್ಲಿ ಪ್ರಾಣವಾಗಿರಬಹುದು.

ಈ ನಾಲ್ಕನೆಯ ನಿಯಮವನ್ನು ಪಾಲಿಸಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಪರೀಕ್ಷೆಯ ಪದಗಳ ಪಟ್ಟಿಯಲ್ಲಿ ಇಂಗ್ಲಿಷಿನ ಜೊತೆಗೆ 'ಸ್ತ್ರೀ', 'ಅರ್ಕ', 'ಕ್ಷೇತ್ರ', 'ಜ್ಞಾನ', 'ರಾಷ್ಟ್ರ', 'ಸ್ವಾತಂತ್ರ್ಯ' ಎಂಬ ಐದಾರು ಪದಗಳನ್ನು ಸೇರಿಸಿ, ಪ್ರತಿಯೊಂದು ಕತ್ತರಿಕೆಯ ಬಳಿಕವೂ ಅವು ಪರದೆಯ ಮೇಲೆ ಸರಿಯಾಗಿ ಮೂಡುವುವೇ ಎಂದು ಕಣ್ಣಾರೆ ನೋಡಿದರೆ ಸಾಕು. ಈ ಪರೀಕ್ಷೆಯನ್ನು ನಡೆಸಲು ಸಿ++ ಬಲ್ಲ ತಂತ್ರಜ್ಞನೇ ಆಗಬೇಕೆಂದಿಲ್ಲ. ಕನ್ನಡ ಓದಬಲ್ಲ ಪ್ರಾಥಮಿಕ ಶಾಲೆಯ ವಿದ್ಯಾರ್ಥಿಯೂ ನಡೆಸಬಲ್ಲ. ತಂತ್ರಾಂಶಗಳನ್ನು ಕಟ್ಟುವ ಸಂಸ್ಥೆಗಳಲ್ಲಿ ಇಂದು ಕನ್ನಡ ಬಲ್ಲ ತರುಣ ತರುಣಿಯರು ಸಾಕಷ್ಟು ಸಂಖ್ಯೆಯಲ್ಲಿದ್ದಾರೆ. ಅವರಲ್ಲಿ ಒಬ್ಬರು ಆ ಆರು ಪದಗಳನ್ನು ಪಟ್ಟಿಗೆ ಸೇರಿಸಿದರೂ ಆ ಉಪಕರಣವನ್ನು ಕೈಗೆತ್ತಿಕೊಳ್ಳುವ ಸಹಸ್ರಾರು ಓದುಗರಿಗೆ ಉಪಕಾರವಾಗುತ್ತದೆ. ಅದಕ್ಕೆ ತಗಲುವ ಭಾರ ಒಂದು ಮೆಗಾಬೈಟ್.